ತಂತಿಬೇಲಿಯ ನೆನಪು: ಧಾರಾವಿ, ಸೊಲ್ಲಾಪುರ, ಹುಬ್ಬಳ್ಳಿ

ಪ್ರಾಚೀನ ಕನ್ನಡ ಕಾವ್ಯಗಳ ಓದುಗರಿಗೆ ‘ಶಿಬಿರ’ ಪರಿಚಿತವಾದ ಪದ. ಅಲ್ಲಿ ಅದು ದಂಡು ತಂಗಿದ ತಾಣ; ಬೀಡು, ಪಾಳೆಯ ಎಂಬ ಪದಗಳ ಒಡನಾಡಿ. ಇಪ್ಪತ್ತನೆಯ ಶತಮಾನದಲ್ಲಿ ಈ ಪದಕ್ಕೆ ‘ಯಾತನಾ’ ಎಂಬ ವಿಶೇಷಣ ಸೇರಿತು. ಮಾಡಿದ ಕೃತ್ಯಕ್ಕಾಗಿ ಅಲ್ಲದೆ, ಹುಟ್ಟಿಗಾಗಿ ಇಲ್ಲವೆ ನಂಬಿಕೆಗಾಗಿ ಜನರನ್ನು ಕೂಡಿಹಾಕುವ ಸ್ಥಳವೆಂಬ ಅರ್ಥ ಅದಕ್ಕೆ ಬಂದಿತು. ಜರ್ಮನಿಯ ಡಾಖೌ ಶಿಬಿರವು 1933ರ ಮಾರ್ಚಿಯಲ್ಲಿ ಆರಂಭವಾಯಿತು. 1965ರಲ್ಲಿ ಅದು ಸ್ಮಾರಕವಾಯಿತು. ಪೋಲೆಂಡಿನ ಔಷ್‌ವಿಟ್ಜ್ 1947ರಲ್ಲಿ ವಸ್ತುಸಂಗ್ರಹಾಲಯವಾಗಿ, 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂತಹ ಸ್ಥಳಗಳಿಗೆ ಹೋಗುವ ಪ್ರವಾಸಿಯ ಮುಂದೆ ಮೂರು ಸಂಗತಿಗಳು ಸ್ಪಷ್ಟವಾಗಿರುತ್ತವೆ: ಯಾವ ಸ್ಥಳ, ಯಾರು ಕೂಡಿಹಾಕಿದರು, ಯಾರು ಸತ್ತರು. ನಮ್ಮ ನೆಲದಲ್ಲಿ ಈ ಮೂರೂ ಒಂದೆಡೆ ಕೂಡಿ ಬರುವುದು ಅಪೂರ್ವ. ಇದರ ಕಾರಣವನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಿಚಾರವನ್ನು ಮುಂಬಯಿಯ ಧಾರಾವಿಯಿಂದ ಆರಂಭಿಸುತ್ತೇವೆ. ಏಕೆಂದರೆ, ಸಂಕಟವನ್ನು ಕಣ್ಣಾರೆ ಕಾಣಬೇಕೆಂಬ ಪ್ರವಾಸಿ ಇಂದು ಈ ನಗರದಲ್ಲಿ ಮೊದಲು ಕೇಳುವ ಹೆಸರು ಅದು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಿಂದ ಮಾರ್ಗದರ್ಶಿಗಳೊಡನೆ ಇಲ್ಲಿನ ಗಲ್ಲಿಗಳಲ್ಲಿ ನಡೆಯುವ ಏರ್ಪಾಡುಗಳು ಬೆಳೆದಿವೆ. ಆದರೆ ಧಾರಾವಿ ಶಿಬಿರವಲ್ಲ. ಮಾಹಿಮ್ ಖಾರಿಯ ದಡದ ಕೋಳಿ ಮೀನುಗಾರರ ಹಳ್ಳಿಯ ಸುತ್ತ ಗುಜರಾತಿನ ಕುಂಬಾರರು, ತಮಿಳುನಾಡಿನ ಚರ್ಮದ ಕೆಲಸಗಾರರು, ನಮ್ಮ ಉತ್ತರ ಕರ್ನಾಟಕದ ಕೂಲಿಕಾರರು ದುಡಿಮೆಯನ್ನು ಅರಸಿ ಬಂದು ಕಟ್ಟಿಕೊಂಡ ಊರು ಅದು. ಅಲ್ಲಿ ಬೇಲಿಯಿಲ್ಲ, ಹಾಜರಿಯಿಲ್ಲ. ಬಡತನವನ್ನು ಸೆರೆಯೆಂದು ಕರೆದರೆ ನಿಜವಾದ ಸೆರೆಯನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತೇವೆ. ಧಾರಾವಿಯ ಕಾಳಾ ಕಿಲ್ಲಾದ ಗೋಡೆಯಲ್ಲಿರುವ ಶಾಸನವು 1737ನೆಯ ಇಸವಿಯನ್ನೂ ಗವರ್ನರ್ ಹಾರ್ನನ ಹೆಸರನ್ನೂ ಹೇಳುತ್ತದೆ. ಕಲ್ಲು ಹೊತ್ತವರ ಹೆಸರು ಅದರಲ್ಲಿಲ್ಲ. ಆಳಿದವರ ಹೆಸರು ಕಲ್ಲಿನಲ್ಲಿ, ಆಳಿಸಿಕೊಂಡವರದು ಬಾಯಿಮಾತಿನಲ್ಲಿ ಎಂಬ ಈ ಕ್ರಮವನ್ನು ಮುಂದೆಯೂ ಕಾಣಲಿದ್ದೇವೆ.

ಶಿಬಿರದ ಚರಿತ್ರೆ ಈ ನಗರವನ್ನು ಮುಟ್ಟುವುದು ಪ್ಲೇಗಿನ ಮೂಲಕ. 1896ರ ಸೆಪ್ಟೆಂಬರಿನಲ್ಲಿ ಡಾ. ಅಕಾಶಿಯೊ ವಿಯೇಗಸ್ ಮಾಂಡ್ವಿಯಲ್ಲಿ ರೋಗವನ್ನು ಗುರುತಿಸಿದರು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದಿತು. ಮಾರ್ಚಿಯಲ್ಲಿ ಬ್ರಿಗೇಡಿಯರ್ ಜನರಲ್ ಗ್ಯಾಟಕರನ ನೇತೃತ್ವದಲ್ಲಿ ಪ್ಲೇಗು ಸಮಿತಿ ರಚಿತವಾಯಿತು. ಮನೆಗಳ ಶೋಧ, ರೋಗಿಗಳನ್ನು ಆಸ್ಪತ್ರೆಗೂ ಅವರ ಮನೆಯವರನ್ನು ಪ್ರತ್ಯೇಕತಾ ಶಿಬಿರಕ್ಕೂ ಸಾಗಿಸುವುದು, ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ ಇವು ಅಂದಿನ ಕ್ರಮಗಳು. ಖಾರಿಯ ಆಚೆಗಿನ ಬಾಂದ್ರಾದಲ್ಲಿ ಆ ವರ್ಷಗಳಲ್ಲಿ ಜನರು ನೆಟ್ಟ ಶಿಲುಬೆಗಳು ಇಂದಿಗೂ ಇವೆ. ಅವು ರೋಗಕ್ಕೆ ಸಂಬಂಧಿಸಿದ ಹರಕೆಯ ಗುರುತುಗಳು. ಶಿಬಿರವನ್ನು ನೆನೆಯುವ ಗುರುತು ಅಷ್ಟು ಸುಲಭವಾಗಿ ಸಿಗದು.

ಬರಗಾಲದ ಹಾಗೂ ಪ್ಲೇಗಿನ ಭಾರತೀಯ ಶಿಬಿರಗಳ ಅನುಭವವು 1900ರ ಬಳಿಕ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದ ಶಿಬಿರಗಳ ನಿರ್ವಹಣೆಗೆ ಒದಗಿತೆಂಬುದನ್ನು ಇತಿಹಾಸಕಾರ ಏಡನ್ ಫೋರ್ತ್ ತಮ್ಮ 2017ರ ಗ್ರಂಥದಲ್ಲಿ ನಿರೂಪಿಸಿದ್ದಾರೆ. ಆ ಶಿಬಿರಗಳಲ್ಲಿ ಸುಮಾರು 28,000 ಬೋಯರರು ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಕಪ್ಪು ಜನರಿಗಾಗಿಯೇ ಇದ್ದ ಬೇರೆ ಶಿಬಿರಗಳಲ್ಲಿ 14,000ಕ್ಕೂ ಹೆಚ್ಚು ಮಂದಿ ಸತ್ತರು. 1913ರಲ್ಲಿ ಬ್ಲೂಮ್‌ಫಾಂಟೇನಿನಲ್ಲಿ ಸ್ಮಾರಕ ಎದ್ದು ನಿಂತಾಗ ಅದು ಬೋಯರ್ ಹೆಂಗಸರಿಗೂ ಮಕ್ಕಳಿಗೂ ಮೀಸಲಾಗಿತ್ತು. ಸ್ಮಾರಕವು ನೆನಪಿಡುವಂತೆಯೇ ಮರೆಯಿಸಲೂ ಬಲ್ಲದು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇನ್ನು ಕನ್ನಡ ನಾಡಿಗೆ ಬರೋಣ. ಪ್ಲೇಗಿನ ಶಿಬಿರಗಳು ತಾತ್ಕಾಲಿಕವಾಗಿದ್ದವು. ತಲೆಮಾರುಗಳ ಕಾಲ ನಡೆದದ್ದು ‘ಸೆಟ್ಲಮೆಂಟ್’. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು 1911ರ ತಿದ್ದುಪಡಿಯಿಂದ ಇಡೀ ಬ್ರಿಟಿಷ್ ಭಾರತಕ್ಕೆ ವಿಸ್ತರಿಸಿತು. 1924ರಲ್ಲಿ ಅದನ್ನು ಕ್ರೋಡೀಕರಿಸಲಾಯಿತು. ಮುಂಬಯಿ ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿ ಸ್ಟಾರ್ಟ್ ಬಿಜಾಪುರದಲ್ಲಿ ಆರಂಭಿಸಿದ ವ್ಯವಸ್ಥೆಯು ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಿಗೆ ಹಬ್ಬಿತು. ಕೊರವ, ಘಂಟಿಚೋರ, ಹರಣಶಿಕಾರಿ, ಛಪ್ಪರಬಂದ ಮೊದಲಾದ ಸಮುದಾಯಗಳವರನ್ನು ತಂತಿಬೇಲಿಯೊಳಗೆ ನೆಲೆಗೊಳಿಸಲಾಯಿತು. ಹೆಸರು ನೋಂದಣಿ, ಬೆರಳಚ್ಚು, ಹಾಜರಿ, ಹೊರಹೋಗಲು ಪಾಸು, ಪಾಸಿಲ್ಲದೆ ಸಿಕ್ಕರೆ ಬಂಧನ ಇವು ಅಲ್ಲಿನ ದಿನಚರಿ. ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಶಾಲೆಗಳಲ್ಲಿ ಇರಿಸುವ ಅಧಿಕಾರವನ್ನೂ ಕಾಯ್ದೆ ನೀಡಿತ್ತು. ಸೊಲ್ಲಾಪುರದ ಹತ್ತಿ ಗಿರಣಿಗಳಿಗೆ ಈ ಜನರೇ ಕೂಲಿಗಳಾದರು. ಸುಧಾರಣೆಯ ಮಾತಿಗೂ ಗಿರಣಿಯ ಅಗತ್ಯಕ್ಕೂ ಇಲ್ಲಿ ಗಂಟುಬಿದ್ದಿತು.

ಈ ಸೆಟ್ಲಮೆಂಟುಗಳನ್ನು ಡಾಖೌ, ಔಷ್‌ವಿಟ್ಜ್‌ಗಳ ಸಾಲಿಗೆ ಸೇರಿಸಬಹುದೆ? ಸೇರಿಸಲಾಗದೆಂಬುದೇ ನಮ್ಮ ಅಭಿಪ್ರಾಯ. ಔಷ್‌ವಿಟ್ಜಿನ ಉದ್ದೇಶ ಕೊಲೆ. ಸೆಟ್ಲಮೆಂಟಿನ ಘೋಷಿತ ಉದ್ದೇಶ ತಿದ್ದುಪಡಿ. ಇಲ್ಲಿ ಶಾಲೆಯಿತ್ತು, ಕೂಲಿಯಿತ್ತು, ನಡತೆ ಒಪ್ಪಿತವಾದವರಿಗೆ ಬೇಲಿಯ ಹೊರಗೆ ವಾಸಿಸಲು ಅನುಮತಿಯೂ ಇತ್ತು. ಆದರೆ ಹುಟ್ಟನ್ನೇ ಅಪರಾಧವೆಂದು ದಾಖಲಿಸಿ ಮಗುವನ್ನೂ ಬೇಲಿಯೊಳಗೆ ಎಣಿಸುವ ತರ್ಕ ಎರಡು ಕಡೆಯೂ ಒಂದೇ. ವ್ಯತ್ಯಾಸವನ್ನು ಅಳಿಸದೆ ಸಾಮ್ಯವನ್ನು ಹೇಳುವುದು ಇತಿಹಾಸಕಾರನ ಹೊಣೆ.

ಮುಂಬಯಿ ಪ್ರಾಂತವು 1949ರಲ್ಲಿ ಕಾಯ್ದೆಯನ್ನು ತೆಗೆದುಹಾಕಿತು. 1952ರ ಆಗಸ್ಟ್ 31ರಂದು ಅದು ದೇಶದಲ್ಲೆಲ್ಲ ರದ್ದಾಯಿತು. ತಂತಿ ಹೋಯಿತು, ಜನರು ಅಲ್ಲಿಯೇ ಉಳಿದರು. ನಮ್ಮಲ್ಲಿ ಸ್ಮಾರಕವಿಲ್ಲದಿರುವ ಮುಖ್ಯ ಕಾರಣ ಇದೇ ಎಂದು ನಾವು ಭಾವಿಸುತ್ತೇವೆ. ಯೂರೋಪಿನ ಶಿಬಿರ ಬರಿದಾದ ಮೇಲೆ ಸ್ಮಾರಕವಾಯಿತು. ನಮ್ಮದು ಬರಿದಾಗಲೇ ಇಲ್ಲ, ಓಣಿಯಾಯಿತು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ‘ಸೆಟ್ಲಮೆಂಟ್’ ಇಂದಿಗೂ ಬಡಾವಣೆಯ ಹೆಸರು. ಸೊಲ್ಲಾಪುರದಲ್ಲಿ ‘ಸೆಟ್ಲಮೆಂಟ್ ಫ್ರೀ ಕಾಲೊನಿ’ ಎಂಬ ವಿಳಾಸವಿದೆ. ಬೇಲಿಯ ಹೊರಗೆ ಇರಲು ಬಿಟ್ಟವರ ವಸತಿಯನ್ನು ನೆನಪಿಸುವ ಆ ಒಂದು ‘ಫ್ರೀ’ ಎಂಬ ಪದದಲ್ಲಿ ಬೇಲಿ ಇನ್ನೂ ನಿಂತಿದೆ. ಈ ವಿಳಾಸವನ್ನು ಅರ್ಜಿಯಲ್ಲಿ ಬರೆಯುವ ಯುವಕನಿಗೆ ಅದು ಚರಿತ್ರೆಯಲ್ಲ, ನಿತ್ಯದ ಸಂಶಯ.

ಕನ್ನಡ ನಾಡು ಸ್ಮಾರಕಗಳಿಗೆ ಬಡವಾದುದಲ್ಲ. ತುರುಗೋಳಿನಲ್ಲಿ ಮಡಿದವನಿಗೆ ವೀರಗಲ್ಲು, ಸಹಗಮನ ಮಾಡಿದವಳಿಗೆ ಮಾಸ್ತಿಕಲ್ಲು, ಸಲ್ಲೇಖನದಿಂದ ದೇಹ ಬಿಟ್ಟವರಿಗೆ ನಿಸಿಧಿ ನೆಟ್ಟ ನಾಡು ಇದು. ಆ ಕಲ್ಲುಗಳನ್ನು ನಿಲ್ಲಿಸಿದವರು ಬಹುಮಟ್ಟಿಗೆ ಸತ್ತವರ ಬಂಧುಗಳು, ಊರವರು, ಒಡೆಯರು. ಊರೇ ಕಳ್ಳರೆಂದು ದೂರವಿಟ್ಟವರಿಗೆ ಕಲ್ಲು ನೆಡುವವರು ಯಾರು? ಆ ಕೆಲಸವನ್ನು ಅವರ ಮಕ್ಕಳು ಬರಹದಿಂದ ಮಾಡಿದರು. ಲಕ್ಷ್ಮಣ ಗಾಯಕವಾಡರ ಮರಾಠಿ ಆತ್ಮಕಥೆ ‘ಉಚಲ್ಯಾ’ (1987) ಅಂತಹದೊಂದು ಕಲ್ಲು.

ಹೊರರಾಜ್ಯಗಳ ಸಂಶೋಧಕ ಮಿತ್ರರಲ್ಲಿ ನಮ್ಮ ಅರಿಕೆ ಇಷ್ಟೆ. ಮುಂಬಯಿ, ಸೊಲ್ಲಾಪುರಗಳ ಪತ್ರಾಗಾರಗಳಲ್ಲಿ ಸೆಟ್ಲಮೆಂಟಿನ ಕಡತಗಳನ್ನು ಹುಡುಕುವಾಗ ಅಧಿಕಾರಿಗಳ ವರದಿಗಳೊಡನೆ ಹಾಜರಿ ಪುಸ್ತಕಗಳನ್ನೂ ಅರಸಬೇಕು. ಹೆಸರುಗಳು ಸಿಗಬಹುದಾದ ಸ್ಥಳ ಅದು. ಆ ಓಣಿಗಳಿಗೆ ಹೋಗುವವರು ಧಾರಾವಿಗೆ ಹೋಗುವ ಪ್ರವಾಸಿಯಂತೆ ನೋಡಿ ಮರಳದೆ, ಹಿರಿಯರ ಮಾತನ್ನು ಅವರ ಒಪ್ಪಿಗೆಯಿಂದ, ಅವರ ನುಡಿಯಲ್ಲಿಯೇ ಬರೆದುಕೊಳ್ಳಬೇಕು. ಸ್ಮಾರಕ ಬೇಕೆ, ಬೇಕಾದರೆ ಎಲ್ಲಿ, ಯಾವ ಹೆಸರಿನಲ್ಲಿ ಎಂಬುದನ್ನು ನಿರ್ಧರಿಸುವ ಹಕ್ಕು ಅಲ್ಲಿ ಇಂದಿಗೂ ಬದುಕುತ್ತಿರುವವರದು. ತಂತಿಬೇಲಿಯನ್ನು ಕಂಡ ತಲೆಮಾರು ಮರೆಯಾಗುತ್ತಿದೆ. ಆದುದರಿಂದ ಈ ಕೆಲಸಕ್ಕೆ ಹೆಚ್ಚಿನ ಅವಧಿ ಉಳಿದಿಲ್ಲ.