ಹೊರಗಿನ ಹೊಣೆ: ಋಣಪರಿಹಾರದ ಚರಿತ್ರೆಯಲ್ಲಿ ಜಾಮೀನಿನ ಸ್ಥಾನ

ಸಾಲದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಸಾಲ ಕೊಟ್ಟವನ ಲೆಕ್ಕವನ್ನೂ ಬಡ್ಡಿಯ ದರವನ್ನೂ ಆಧಾರವಾಗಿ ಇಟ್ಟುಕೊಂಡಿದ್ದಾರೆ. ಸಾಲಕ್ಕೆ ಸಿಕ್ಕಿ ಬಳಲಿದವನು ಮನೆಯ ಹೊಸ್ತಿಲು ದಾಟಿ ಯಾರ ಬಳಿಗೆ ಹೋದನು, ಯಾವ ನೆರವು ದೊರೆಯಿತು, ಅದು ಯಾರಿಗೆ ದೊರೆಯಲಿಲ್ಲ ಎಂಬ ಪ್ರಶ್ನೆಗಳು ಹಿಂದೆ ಉಳಿದಿವೆ. ಈ ಪ್ರಶ್ನೆಗಳನ್ನು ಜಾಮೀನು ಎಂಬ ಒಂದೇ ಎಳೆಯನ್ನು ಹಿಡಿದು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಚರ್ಚೆಗೆ ಕಲ್ಯಾಣವೇ ಆರಂಭಸ್ಥಾನ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076-1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಋಣಾದಾನ ಪ್ರಕರಣಕ್ಕೆ ಮಹತ್ತ್ವದ ಸ್ಥಾನವಿದೆ. ಅಡವಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲಿ ಒಂದು ಪಾಲು ಬಡ್ಡಿ. ಅಡವಿಲ್ಲದಿದ್ದರೆ ವರ್ಣಕ್ರಮದಂತೆ ನೂರಕ್ಕೆ ಎರಡರಿಂದ ಐದರವರೆಗೆ. ಬಡ್ಡಿಯ ಈ ಏಣಿಗಿಂತಲೂ ಗಮನಾರ್ಹವಾದುದು ಸಾಲಗಾರನು ನಿರ್ಗತಿಕನಾದಾಗ ಏನು ಮಾಡಬೇಕೆಂಬ ವಿಧಿ. ಕೆಳಗಿನ ಜಾತಿಯವನಾದರೆ ದುಡಿಸಿಕೊಂಡು ಸಾಲ ತೀರಿಸಿಕೊಳ್ಳಬೇಕು. ಬ್ರಾಹ್ಮಣನಾದರೆ ವರಮಾನ ಬಂದಂತೆ ನಿಧಾನವಾಗಿ ಕೊಡಿಸಬೇಕು. ಕಂತಿನ ಕರುಣೆ ಶಾಸ್ತ್ರಕ್ಕೆ ಅಪರಿಚಿತವಾಗಿರಲಿಲ್ಲ; ಆದರೆ ಅದು ಎಲ್ಲರಿಗೂ ಇರಲಿಲ್ಲ.

ಹೊಣೆಗಾರನನ್ನು ಶಾಸ್ತ್ರವು ‘ಪ್ರತಿಭೂ’ ಎಂದು ಕರೆಯುತ್ತದೆ. ಸಾಲಗಾರನನ್ನು ಹಾಜರುಪಡಿಸುವ, ಅವನು ನಂಬಿಕೆಗೆ ಯೋಗ್ಯನೆಂದು ಹೇಳುವ, ಅವನು ಕೊಡದಿದ್ದರೆ ತಾನೇ ಕೊಡುವ ಹೊಣೆಗಳೆಂದು ಮೂರು ಬಗೆ. ಅವಿಭಕ್ತರಾದ ಸಹೋದರರು, ತಂದೆ-ಮಕ್ಕಳು, ಗಂಡ-ಹೆಂಡಿರು ಪರಸ್ಪರ ಹೊಣೆಯಾಗುವಂತಿಲ್ಲ ಎಂಬ ನಿಷೇಧವೂ ಅಲ್ಲಿದೆ. ಒಂದೇ ಗಂಟಿನ ಆಸ್ತಿಯವರು ಒಬ್ಬರಿಗೊಬ್ಬರು ಹೊಣೆಯಾದರೆ ಆ ಹೊಣೆಗೆ ಅರ್ಥವಿಲ್ಲ ಎಂಬುದು ಇದರ ಹಿಂದಿನ ತರ್ಕ. ಹೀಗಾಗಿ ನೆರವು ಮನೆಯ ಹೊರಗಿನಿಂದಲೇ ಬರಬೇಕು. ಸಾಲಗಾರನ ಪಾಡು ಅವನಿಗಾಗಿ ಎದ್ದು ನಿಲ್ಲುವ ಹೊರಗಿನ ಒಬ್ಬನನ್ನು ಅವಲಂಬಿಸಿತ್ತು ಎಂಬುದು ಇದರಿಂದ ಸ್ಪಷ್ಟ.

ಬಡ್ಡಿ ಅಸಲನ್ನು ಮೀರಬಾರದೆಂಬ ಧರ್ಮಶಾಸ್ತ್ರದ ಮಿತಿಯನ್ನು ಮುಂದೆ ಮುಂಬೈ ಇಲಾಖೆಯ ನ್ಯಾಯಾಲಯಗಳು ‘ದಾಮದುಪ್ಪಟ’ ಎಂಬ ಹೆಸರಿನಲ್ಲಿ ಮಾನ್ಯ ಮಾಡಿದವು. ಆದರೂ ರೈತನು ಉಳಿಯಲಿಲ್ಲ. 1859ರ ಕಾಲಮಿತಿ ಕಾನೂನು ಸಾಲಪತ್ರಕ್ಕೆ ಮೂರು ವರ್ಷಗಳ ಅವಧಿಯನ್ನು ವಿಧಿಸಿತು. ಸಾಲಗಾರನ ರಕ್ಷಣೆಗೆಂದು ಬಂದ ಈ ವಿಧಿ ಅವನಿಗೇ ಮುಳುವಾಯಿತು. ಅವಧಿ ಮುಗಿಯುವ ಮುನ್ನ ಸಾಹುಕಾರನು ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳುತ್ತಿದ್ದನು. ಪತ್ರ ಹೊಸದಾದಂತೆಲ್ಲ ಅಸಲೂ ಬೆಳೆಯುತ್ತಿತ್ತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ಏರಿದ್ದ ಹತ್ತಿಯ ಬೆಲೆ ಬಳಿಕ ಇಳಿಯಿತು, ಕಂದಾಯ ಏರಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪೆಯಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದರು. ಅವರು ಹುಡುಕಿದ್ದು ಮುಖ್ಯವಾಗಿ ಸಾಲಪತ್ರಗಳನ್ನು, ಸುಟ್ಟದ್ದೂ ಅವನ್ನೇ. ವ್ಯಕ್ತಿಗಳ ಮೇಲಿನ ಹಿಂಸೆ ವಿರಳವಾಗಿತ್ತು. ತಾವು ಓದಲಾರದ, ಆದರೆ ತಮ್ಮ ಹೆಬ್ಬೆಟ್ಟು ಬಿದ್ದ ಕಾಗದವೇ ಅವರ ನಿದ್ದೆಗೆಡಿಸಿದ್ದಿತೆಂದು ಈ ಸಂಗತಿಯನ್ನು ನಾವು ಅರ್ಥೈಸುತ್ತೇವೆ.

1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಇದಕ್ಕೆ ಸರ್ಕಾರದ ಉತ್ತರ. ಪತ್ರದ ಹಿಂದಿನ ವ್ಯವಹಾರವನ್ನು ಮೊದಲಿನಿಂದ ಕೆದಕಿ ನೋಡುವ ಅಧಿಕಾರ ನ್ಯಾಯಾಲಯಕ್ಕೆ ಬಂದಿತು. ಸಾಲಕ್ಕಾಗಿ ರೈತನನ್ನು ಸೆರೆಗೆ ಹಾಕುವುದು ನಿಂತಿತು. ಆದರೆ ಹಳೆಯ ಸಾಲವನ್ನು ಹಗುರ ಮಾಡಿದ ಕಾಯಿದೆ ಮುಂದಿನ ಬಿತ್ತನೆಗೆ ಬೀಜದ ಹಣವನ್ನು ಒದಗಿಸಲಿಲ್ಲ. ಅಡವಿನ ಬದಲು ಕ್ರಯಪತ್ರವನ್ನೇ ಬರೆಸಿಕೊಳ್ಳುವ ಉಪಾಯವನ್ನು ಸಾಹುಕಾರರು ಕಂಡುಕೊಂಡರು.

ಆ ಕೊರತೆಯನ್ನು ತುಂಬಲು ಬಂದುದು 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ. ಅದರ ಹಿಂದೆ ಜರ್ಮನಿಯ ರೈಫೈಸನ್‌ನ ಮಾದರಿಯೂ ಮದರಾಸಿನ ಫ್ರೆಡರಿಕ್ ನಿಕಲ್‌ಸನ್ ಸಿದ್ಧಪಡಿಸಿದ ವರದಿಯೂ ಇದ್ದವು. ಅಂದು ಮುಂಬೈ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದ, ಇಂದು ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಲ ಸಹಕಾರಿ ಸಂಘಗಳ ಸಾಲಿಗೆ ಸೇರಿದುದು. ಗ್ರಾಮೀಣ ಸಂಘಗಳಿಗೆ ಕಾಯಿದೆ ವಿಧಿಸಿದ್ದು ಅಪರಿಮಿತ ಹೊಣೆ: ಒಬ್ಬನ ಸಾಲಕ್ಕೆ ಎಲ್ಲರ ಆಸ್ತಿಯೂ ಬಾಧ್ಯ. ಮಿತಾಕ್ಷರೆಯ ಪ್ರತಿಭೂ ಒಬ್ಬನಾಗಿದ್ದರೆ ಇಲ್ಲಿ ಇಡೀ ಸಂಘವೇ ಪ್ರತಿಭೂ. ಮರುವರ್ಷ, 1906ರಲ್ಲಿ, ಮುಂಬೈಯಲ್ಲಿ ಶ್ರೀಪಾದ ಸುಬ್ಬರಾವ್ ತಾಲ್ಮಕಿಯವರು ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕಿನ ಬುನಾದಿ ಹಾಕಿದರು. ಕೆನರಾದಿಂದ ವಲಸೆ ಬಂದ ಸಾರಸ್ವತರ ನಡುವೆ ಅದು ಬೆಳೆಯಿತು. ಊರಿನ ನೆರೆಹೊರೆಯನ್ನು ಬಿಟ್ಟು ಬಂದವರಿಗೆ ನಗರದಲ್ಲಿ ಸಮುದಾಯವೇ ಹೊಣೆಯಾಯಿತು.

ಸಹಕಾರದ ಚರಿತ್ರೆಯನ್ನು ವಿಜಯಗಾಥೆಯಾಗಿ ಬರೆಯುವ ರೂಢಿಯನ್ನು ಮಾತ್ರ ನಾವು ಒಪ್ಪುವುದಿಲ್ಲ. 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರು ಪಡೆದ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ಶೇಕಡಾ 3.1, ಲೇವಾದೇವಿಗಾರರ ಪಾಲು ಸುಮಾರು 70. ಅರ್ಧಶತಮಾನ ಸಮೀಪಿಸುತ್ತಿದ್ದರೂ ನೆರವು ಬಹುಜನರ ಬಾಗಿಲಿಗೆ ತಲುಪಿರಲಿಲ್ಲ. ಎಲ್ಲರ ಆಸ್ತಿಯೂ ಬಾಧ್ಯವಾಗುವಲ್ಲಿ ಆಸ್ತಿಯಿಲ್ಲದವನನ್ನು ಜೊತೆಗೆ ಸೇರಿಸಿಕೊಳ್ಳಲು ಯಾರೂ ಮುಂದಾಗರು. ಇದು ನಮ್ಮ ದೃಷ್ಟಿಯಲ್ಲಿ ಒಂದು ಮುಖ್ಯ ಕಾರಣ. ಹಳೆಯ ಸ್ಮೃತಿಯ ತಾರತಮ್ಯ ಹೊಸ ಹೆಸರಿನಲ್ಲಿ ಮುಂದುವರಿಯಿತು.

1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ಆರಂಭಿಸಿತು. ಅಡವಿಡಲು ಏನೂ ಇಲ್ಲದ ಹೆಂಗಸರು ಒಬ್ಬರಿಗೊಬ್ಬರು ಹೊಣೆಯಾದರು. ಆದರೆ ಇದೇ ಗುಂಪು ಹೊಣೆಯನ್ನು ಲಾಭದ ಕಂಪನಿಗಳು ವಸೂಲಿಯ ಸಾಧನವನ್ನಾಗಿ ಮಾಡಿಕೊಂಡಾಗ ನೆರೆಯವಳೇ ಬಾಗಿಲಲ್ಲಿ ನಿಂತು ಕಂತು ಕೇಳಬೇಕಾಯಿತು. 2010ರಲ್ಲಿ ಆಂಧ್ರಪ್ರದೇಶವೂ 2025ರಲ್ಲಿ ಕರ್ನಾಟಕವೂ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಬೇಕಾಗಿ ಬಂದುದು ಇದರ ಪರಿಣಾಮ. ಆಸರೆಗಾಗಿ ಹುಟ್ಟಿದ ಹೊಣೆ ಕ್ಲೇಶದ ಮೂಲವೂ ಆಗಬಲ್ಲುದು.

ಇಷ್ಟರಿಂದ ನಾವು ತಲುಪುವ ನಿರ್ಣಯವಿದು: ಋಣಪರಿಹಾರದ ಯಾವುದೇ ವ್ಯವಸ್ಥೆಯನ್ನು ಅದು ಹಂಚಿದ ಹಣದ ಮೊತ್ತದಿಂದಲ್ಲ, ಯಾರಿಗೂ ಬೇಡವಾದವನ ಪರವಾಗಿ ಅದು ಯಾರನ್ನು ನಿಲ್ಲಿಸಿತು ಎಂಬುದರಿಂದ ಅಳೆಯಬೇಕು. ಇದಕ್ಕೆ ಬೇಕಾದ ಸಾಮಗ್ರಿಯ ಬಹುಭಾಗ ಕರ್ನಾಟಕದ ಹೊರಗೇ ಇದೆ. ಮುಂಬೈ ಇಲಾಖೆಯ ಕಂದಾಯ ಮತ್ತು ನ್ಯಾಯ ವಿಭಾಗಗಳ ಕಡತಗಳು ಮುಂಬೈಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿವೆ. ಹೊರನಾಡಿನ ಕನ್ನಡ ಸಂಶೋಧಕರು ಅವುಗಳಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳ ಸಾಲಗಾರರ ದನಿಯನ್ನು ಅರಸುವ ಕೆಲಸಕ್ಕೆ ತೊಡಗಬೇಕೆಂಬುದು ನಮ್ಮ ಕೋರಿಕೆ.