ಹಡಗಿಗೊಂದು ಬರ್ತ್, ಮನುಷ್ಯನಿಗೊಂದು ಬರ್ತ್

ನಮ್ಮ ಶಾಲೆಗೂ ಪಣಂಬೂರಿನ ನವಮಂಗಳೂರು ಬಂದರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. 1974ರ ಮೇ 4ರಂದು ಅದನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕಂಪನಿ ಸೇರಿದ ನನಗೆ ಕೆಲವು ವರ್ಷ ಬಂದರಿನ ತಂತ್ರಾಂಶದ ಕೆಲಸವೇ ಸಿಕ್ಕಿತ್ತು. ಹಡಗಿನ ಉದ್ದ, ಅದಕ್ಕೆ ಬೇಕಾದ ನೀರಿನ ಆಳ, ಬರುವ ವೇಳೆ ಎಲ್ಲವನ್ನೂ ನೋಡಿ ಯಾವ ಹಡಗಿಗೆ ಯಾವ ಬರ್ತ್ ಎಂದು ಲೆಕ್ಕ ಹಾಕುವುದು. ಆ ‘ಬರ್ತ್’ ಎಂಬ ಪದದ ಬೆನ್ನು ಹತ್ತಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮಗೆಲ್ಲ ಬರ್ತ್ ಎಂದರೆ ರೈಲಿನದು, ಅದರಲ್ಲೂ ಅಜ್ಜಿಗೆ ಸಿಗದೇ ಹೋಗುವ ಲೋವರ್ ಬರ್ತ್. ಆದರೆ ಪದ ರೈಲಿಗಿಂತ ಹಳೆಯದು, ಇಂಗ್ಲಿಷ್ ನಾವಿಕರದು. ಮೊದಲಿಗೆ ಹಡಗಿನ ಸುತ್ತ ಬಿಡಬೇಕಾದ ನೀರಿನ ಜಾಗಕ್ಕೆ ಆ ಹೆಸರು. ಆಮೇಲೆ ಹಡಗು ನಿಲ್ಲುವ ಜಾಗಕ್ಕೆ. ಅದರೊಳಗೆ ಮನುಷ್ಯ ಮಲಗುವ ಜಾಗಕ್ಕೆ ಬಂದದ್ದು ಕೊನೆಗೆ. ಜಾಗ ಸಿಕ್ಕಿದ್ದೂ ಅದೇ ಕ್ರಮದಲ್ಲಿ.

ಮಂಗಳೂರಿನ ಹಳೇ ಬಂದರು ಇರುವುದು ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವಲ್ಲಿ. ಅಳಿವೆಯಲ್ಲಿ ಮರಳು ತುಂಬುವುದರಿಂದ ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಅದು ದೂರದಲ್ಲೇ ಲಂಗರು ಹಾಕಬೇಕು; ಹಂಚು, ಕಾಫಿ, ಗೋಡಂಬಿ ದೋಣಿಯಲ್ಲಿ ಅಲ್ಲಿಗೆ ಹೋಗಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಹಾಗಾಗಿ ಪಣಂಬೂರಿನಲ್ಲಿ ನೆಲವನ್ನೇ ಅಗೆದು ಹಡಗಿಗೆ ಜಾಗ ಮಾಡಿದರು.

ನಾವಿಕನ ಜಾಗಕ್ಕೆ ಇಷ್ಟು ಶ್ರಮಪಟ್ಟವರು ಕಡಿಮೆ. ಯುರೋಪಿನ ಸಾಮಾನ್ಯ ನಾವಿಕ ಹಿಂದೆ ಹಲಗೆಯ ಮೇಲೇ ಮಲಗುತ್ತಿದ್ದ. 1492ರಲ್ಲಿ ಕೊಲಂಬಸ್ ಬಹಾಮಾಸ್‌ನಲ್ಲಿ ಕಂಡ ಹತ್ತಿಯ ತೂಗುಬಲೆ ಮುಂದೆ ಅವರ ಹಡಗುಗಳಿಗೂ ಬಂತು. ಬ್ರಿಟಿಷ್ ಯುದ್ಧನೌಕೆಗಳಲ್ಲಿ ಒಂದು ತೂಗುಹಾಸಿಗೆಗೆ ಇದ್ದ ಅಗಲ 14 ಇಂಚು. ನಿಮ್ಮ ಕಂಪಾಸ್ ಪೆಟ್ಟಿಗೆಯ ಪಕ್ಕ ಇರುತ್ತಿದ್ದ ಉದ್ದ ಸ್ಕೇಲನ್ನು ನೆನಪಿಸಿಕೊಳ್ಳಿ, ಅದಕ್ಕೆ ಎರಡಿಂಚು ಸೇರಿಸಿ. ಅರ್ಧ ಜನ ಪಾಳಿಯಲ್ಲಿ ಮೇಲಿದ್ದಾಗ ಮಾತ್ರ ಮಗ್ಗುಲು ಬದಲಿಸಬಹುದಿತ್ತು.

ಗುಲಾಮರನ್ನು ಸಾಗಿಸುವ ಹಡಗುಗಳದು ಬೇರೆಯೇ ಕಥೆ. ‘ಬ್ರೂಕ್ಸ್’ ಎಂಬ ಹಡಗಿನ ನಕ್ಷೆ 1788ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಒಬ್ಬ ಗಂಡಸಿಗೆ ಆರಡಿ ಉದ್ದ, 16 ಇಂಚು ಅಗಲ. ಹೀಗೆ ಜನರನ್ನು ಸಾಲಾಗಿ ಬರೆದು ತೋರಿಸಿದ್ದರು. ಕಾನೂನು ಒಪ್ಪಿದ ಸಂಖ್ಯೆ 454. ಮೊದಲು ಅದೇ ಹಡಗು ಇನ್ನೂ ಹೆಚ್ಚು ಜನರನ್ನು ತುಂಬಿಕೊಂಡು ಹೋಗಿತ್ತು. ಗುಲಾಮರ ವ್ಯಾಪಾರ ನಿಲ್ಲಿಸಬೇಕೆಂದವರು ಆ ಚಿತ್ರವನ್ನು ಊರೂರಿಗೆ ಹಂಚಿದರು. 1807ರಲ್ಲಿ ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿತು.

ನನಗೆ ಹೆಚ್ಚು ನೋವಾದದ್ದು ನಮ್ಮವರ ಲೆಕ್ಕ ಓದಿದಾಗ. ಗೋವಾ, ಕೊಂಕಣ, ಸಿಲ್ಹೆಟ್ ಕಡೆಯಿಂದ ಬ್ರಿಟಿಷ್ ಹಡಗುಗಳಿಗೆ ದುಡಿಯಲು ಹೋದವರನ್ನು ‘ಲಾಸ್ಕರ್’ ಎನ್ನುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬ್ರಿಟಿಷ್ ಕಾನೂನಿನಲ್ಲಿ ಒಬ್ಬ ನಾವಿಕನ ಜಾಗ 72 ಘನ ಅಡಿ. ಭಾರತದ ಕಾನೂನಿನಲ್ಲಿ ಲಾಸ್ಕರನಿಗೆ 36. ಸರಿಯಾಗಿ ಅರ್ಧ. ಸಂಬಳವೂ ಬಿಳಿಯರಿಗಿಂತ ತೀರಾ ಕಡಿಮೆ. ಕಂಪನಿಗಳಿಗೆ ಉಳಿದ ಜಾಗವೆಂದರೆ ಸರಕು ಹಾಕುವ ಜಾಗ, ಅಂದರೆ ದುಡ್ಡು. ನನ್ನ ತಂತ್ರಾಂಶದಲ್ಲಿ ಹಡಗು ಒಂದು ಗಂಟೆ ಕಾದರೆ ಎಷ್ಟು ನಷ್ಟ ಎಂಬುದಕ್ಕೆ ಕಾಲಂ ಇತ್ತು. ಒಳಗಿರುವ ಮನುಷ್ಯರಿಗೆ ಯಾವ ಕಾಲಮ್ಮೂ ಇರಲಿಲ್ಲ.

ಈಗ ನಿಯಮ ಬದಲಾಗಿದೆ. 2006ರ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಒಪ್ಪಿತು. ಅದರಂತೆ ಪ್ರತಿ ನಾವಿಕನಿಗೆ ಪ್ರತ್ಯೇಕ ಬರ್ತ್. ಅಳತೆ ಕನಿಷ್ಠ 198 ಸೆಂಟಿಮೀಟರ್ ಉದ್ದ, 80 ಸೆಂಟಿಮೀಟರ್ ಅಗಲ. ಯಾವ ದೇಶದವನು ಎಂದು ಅಳತೆ ಕೇಳುವುದಿಲ್ಲ. ಆದರೆ ಸಾಂಪ್ರದಾಯಿಕವಾಗಿ ಕಟ್ಟಿದ ಹಡಗುಗಳನ್ನು ಅದೇ ಒಪ್ಪಂದ ಹೊರಗಿಟ್ಟಿದೆ. ಹಳೇ ಬಂದರಿನ ಧಕ್ಕೆಯಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ ಹೊತ್ತು ಹೋಗುವ ಮರದ ಮಂಜಿಗಳು ಆ ಜಾತಿಯವು.