ಷೂಬರ್ಟನ ಒಂದು ಚಳಿಗಾಲ

ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರಾಜಸಭೆಗಳನ್ನೂ ದೊಡ್ಡ ಕಚೇರಿಗಳನ್ನೂ ಮುಂದಿಟ್ಟುಕೊಂಡು ಬರೆಯುತ್ತಾರೆ. ಯಾವ ದೊರೆ ಯಾರಿಗೆ ಆಶ್ರಯವಿತ್ತ, ಯಾವ ಕೃತಿ ಯಾವ ಸಭೆಯಲ್ಲಿ ಮೊದಲು ಕೇಳಿಬಂತು, ಎಷ್ಟು ಜನ ಮೆಚ್ಚಿ ತಲೆದೂಗಿದರು, ಇವೇ ಅಲ್ಲಿಯ ಮೈಲಿಗಲ್ಲುಗಳು. ಆದರೆ ಕೆಲವರ ವಿಷಯದಲ್ಲಿ ಈ ಕ್ರಮ ಸಾಗುವುದಿಲ್ಲ. ವಿಯೆನ್ನ ನಗರದ ಫ್ರಾಂಜ್ ಷೂಬರ್ಟ್ ಅಂಥವರಲ್ಲೊಬ್ಬ. ಮೂವತ್ತೊಂದೇ ವರ್ಷ ಬಾಳಿ, ಆರುನೂರಕ್ಕೂ ಮಿಕ್ಕ ಹಾಡುಗಳನ್ನು ರಚಿಸಿದ ಈತ, ತನ್ನ ಕೃತಿಗಳಿಗೇ ಮೀಸಲಾದ ಸಾರ್ವಜನಿಕ ಕಚೇರಿಯನ್ನು ನಡೆಸಿದ್ದು ಒಂದೇ ಒಂದು ಸಲ. ಅದು ೧೮೨೮ರ ಮಾರ್ಚ್ ೨೬ರಂದು, ಅವನು ಸಾಯುವುದಕ್ಕೆ ಎಂಟು ತಿಂಗಳು ಮುಂಚೆ. ಅವನ ಸಂಗೀತ ಬೇರು ಬಿಟ್ಟ ನೆಲ ಬೇರೆಯೇ ಇದ್ದಿತು. ಒಂದು ವಿದ್ಯಾರ್ಥಿನಿಲಯದ ಬೆಚ್ಚಗಿಲ್ಲದ ಕೋಣೆ, ಬಡ ಉಪಾಧ್ಯಾಯನೊಬ್ಬನ ಮನೆ, ನಾಲ್ಕಾರು ಜನ ಗೆಳೆಯರು: ಇಷ್ಟೇ ಅದರ ಆಸ್ಥಾನ. ೧೮೧೨-೧೩ರ ಚಳಿಗಾಲವೊಂದನ್ನು ಹತ್ತಿರದಿಂದ ನೋಡಿದರೆ ಈ ಮಾತು ಮನದಟ್ಟಾಗುತ್ತದೆ. ಆಗ ಷೂಬರ್ಟನಿಗೆ ಹದಿನೈದು ತುಂಬಿ ಹದಿನಾರು ನಡೆಯುತ್ತಿದ್ದಿತು.

ಅವನು ಹುಟ್ಟಿದ್ದು ೧೭೯೭ರ ಜನವರಿ ೩೧ರಂದು, ವಿಯೆನ್ನದ ಕೋಟೆಗೋಡೆಯ ಹೊರಗಿನ ಹಿಮ್ಮೆಲ್‌ಪ್ಫೋರ್ಟ್‌ಗ್ರುಂಡ್ ಎಂಬ ಬಡಾವಣೆಯಲ್ಲಿ. ತಂದೆ ಫ್ರಾಂಜ್ ಥಿಯೋಡರ್ ಅಲ್ಲಿ ಪ್ರಾಥಮಿಕ ಶಾಲೆ ನಡೆಸುತ್ತಿದ್ದ ಉಪಾಧ್ಯಾಯ. ಮಕ್ಕಳು ಕೊಡುವ ಫೀಸೇ ಅವನ ಜೀವನಾಧಾರ. ತಾಯಿ ಎಲಿಜಬೆತ್ ಹೆತ್ತ ಹದಿನಾಲ್ಕು ಮಕ್ಕಳಲ್ಲಿ ಉಳಿದವರು ಐವರು: ಇಗ್ನಾಜ್, ಫರ್ಡಿನೆಂಡ್, ಕಾರ್ಲ್, ನಮ್ಮ ಫ್ರಾಂಜ್, ಮತ್ತು ಕೊನೆಯವಳು ಥೆರೇಸಿಯ. ಮನೆಯಲ್ಲಿ ಹಣವಿಲ್ಲದಿದ್ದರೂ ವಾದ್ಯಗಳಿದ್ದವು. ಹುಡುಗನಿಗೆ ಪಿಟೀಲು ಹಿಡಿಯುವುದನ್ನು ತಂದೆ ಕಲಿಸಿದ. ಪಿಯಾನೋವನ್ನು ಹಿರಿಯಣ್ಣ ಇಗ್ನಾಜ್ ಕಲಿಸಿದ. ನೆರೆಯ ಲಿಖ್ಟೆನ್‌ಟಾಲಿನ ಚರ್ಚಿನಲ್ಲಿ ಮೈಕೇಲ್ ಹೋಲ್ಜರ್ ಎಂಬವನು ಹಾಡಿನ ಪಾಠ ಹೇಳಿದ.

೧೮೦೮ರಲ್ಲಿ ಅರಮನೆಯ ಚರ್ಚಿಗೆ ಗಾಯಕ ಬಾಲಕರು ಬೇಕಾಗಿದ್ದಾರೆಂಬ ಪ್ರಕಟಣೆ ಹೊರಟಿತು. ಆಸ್ಥಾನ ಸಂಗೀತದ ಮುಖ್ಯಸ್ಥ ಅಂಟೋನಿಯೋ ಸಾಲಿಯೆರಿಯ ಮುಂದೆ ಪರೀಕ್ಷೆ ನಡೆದು, ಹನ್ನೊಂದು ವರ್ಷದ ಷೂಬರ್ಟ್ ಆರಿಸಿ ಬಂದ. ಈ ಬಾಲಕರಿಗೆ ಸ್ಟಾಟ್‌ಕಾನ್ವಿಕ್ಟ್ ಎಂಬ ವಿದ್ಯಾರ್ಥಿನಿಲಯದಲ್ಲಿ ಊಟ, ವಸತಿ, ವಿದ್ಯೆ ಎಲ್ಲವೂ ಧರ್ಮಾರ್ಥ. ಹಿಂದೆ ಜೆಸುಯಿಟರದಾಗಿದ್ದ ಹಳೆಯ ಕಟ್ಟಡದಲ್ಲಿ ಪಿಯರಿಸ್ಟ್ ಪಂಗಡದ ಪಾದ್ರಿಗಳು ಅದನ್ನು ನಡೆಸುತ್ತಿದ್ದರು. ಬಡ ಉಪಾಧ್ಯಾಯನಿಗೆ ಮಗನ ಓದಿನ ಖರ್ಚು ಉಳಿಯಿತು. ಅದಕ್ಕೆ ಪ್ರತಿಯಾಗಿ ಭಾನುವಾರಗಳಲ್ಲೂ ಹಬ್ಬದ ದಿನಗಳಲ್ಲೂ ಮಗನ ಕಂಠ ಚಕ್ರವರ್ತಿಯ ಚರ್ಚಿಗೆ ಸಲ್ಲಬೇಕಾಗಿದ್ದಿತು.

ಈ ವಿದ್ಯಾರ್ಥಿನಿಲಯದ ವಿಶೇಷವೆಂದರೆ ಅಲ್ಲಿಯ ಹುಡುಗರ ವಾದ್ಯವೃಂದ. ನಿರ್ದೇಶಕ ಇನೊಸೆಂಜ್ ಲಾಂಗ್ ಪಾದ್ರಿಗೆ ಸಂಗೀತದಲ್ಲಿ ಆಸ್ಥೆ. ಕಾನೂನು ಓದುತ್ತಿದ್ದ ಜೋಸೆಫ್ ಫಾನ್ ಸ್ಪೌನ್ ಎಂಬ ಹಿರಿಯ ವಿದ್ಯಾರ್ಥಿಯ ಉತ್ಸಾಹವೂ ಅದಕ್ಕೆ ಕೂಡಿಕೊಂಡಿತು. ಆಸ್ಥಾನದ ಆರ್ಗನ್ ವಾದಕ ವೆಂಜೆಲ್ ರುಜಿಚ್ಕ ತರಬೇತು ಕೊಟ್ಟ. ಪ್ರತಿ ಸಂಜೆಯೂ ಹುಡುಗರು ಒಂದು ಸಿಂಫನಿಯನ್ನೂ ಜೊತೆಗೆ ಒಂದೆರಡು ಚಿಕ್ಕ ಕೃತಿಗಳನ್ನೂ ನುಡಿಸುತ್ತಿದ್ದರು. ಹೇಡನ್, ಮೊಜಾರ್ಟ್, ಬೀಥೋವನ್ ಇವರ ಕೃತಿಗಳು ಆ ಹುಡುಗರಿಗೆ ದಿನದ ಪಾಠ. ಬೀಥೋವನ್ ಆಗ ಅದೇ ಊರಿನಲ್ಲಿ ಬದುಕಿದ್ದು ಹೊಸ ಕೃತಿಗಳನ್ನು ರಚಿಸುತ್ತಿದ್ದನೆಂಬುದನ್ನು ಇಲ್ಲಿ ನೆನೆಯಬೇಕು. ರೇಡಿಯೋ ಇಲ್ಲದ, ತಟ್ಟೆಗಳಿಲ್ಲದ ಕಾಲದಲ್ಲಿ ಒಂದು ಸಿಂಫನಿಯನ್ನು ಹತ್ತಾರು ಸಲ ಕೇಳಬೇಕಾದರೆ ಅದನ್ನು ನುಡಿಸುವವರ ನಡುವೆ ಕುಳಿತಿರುವುದೇ ದಾರಿ. ಷೂಬರ್ಟ್ ವರ್ಷಗಟ್ಟಲೆ ಹಾಗೆ ಕುಳಿತ. ಮುಂದೆ ಯಾವ ಗುರು ಹೇಳಿದ ಪಾಠವೂ ಈ ಸಂಜೆಗಳಷ್ಟು ಅವನನ್ನು ರೂಪಿಸಿರಲಾರದು.

ಸ್ಪೌನ್ ಅವನಿಗಿಂತ ಎಂಟು ವರ್ಷ ದೊಡ್ಡವನು. ಚಳಿಗಾಲದಲ್ಲಿ ಅಭ್ಯಾಸದ ಕೋಣೆಗೆ ಬೆಂಕಿಯೇ ಇರುತ್ತಿರಲಿಲ್ಲವೆಂದೂ, ಕೊರೆಯುವ ಆ ಚಳಿಯಲ್ಲೇ ಹುಡುಗ ಪಿಯಾನೋದ ಮುಂದೆ ಕೂರುತ್ತಿದ್ದನೆಂದೂ ಗೆಳೆಯರ ನೆನಪುಗಳಲ್ಲಿ ಬರುತ್ತದೆ. ಷೂಬರ್ಟನಲ್ಲಿ ಸ್ವರ ಬರೆಯುವ ಕಾಗದ ಕೊಳ್ಳಲು ಕಾಸಿರಲಿಲ್ಲ. ಕಾಗದವನ್ನು ಸ್ಪೌನ್ ಒದಗಿಸಿದ. ಇದು ಚಿಕ್ಕ ಸಂಗತಿಯೆಂದು ತೋರಬಹುದು. ಆದರೆ ಬರೆಯದ ಸಂಗೀತ ಮರುದಿನಕ್ಕೆ ಉಳಿಯುವುದಿಲ್ಲ. ಒಬ್ಬ ಗೆಳೆಯ ತಂದಿತ್ತ ಕಾಗದದ ಮೇಲೆ ಆ ಹುಡುಗನ ಮೊದಲ ಬರಹಗಳು ಉಳಿದವು.

೧೮೧೨ನೆಯ ವರ್ಷ ಷೂಬರ್ಟನ ಪಾಲಿಗೆ ಸುಲಭದ್ದಾಗಿರಲಿಲ್ಲ. ಮೇ ೨೮ರಂದು ತಾಯಿ ತೀರಿಕೊಂಡಳು. ಜುಲೈ ೨೬ರಂದು ಅವನ ಎಳೆಯ ಕಂಠ ಒಡೆಯಿತು. ಅಂದು ತಾನು ಕಡೆಯ ಬಾರಿಗೆ ಕೂಗಿದೆನೆಂದು ಚರ್ಚಿನ ಸಂಗೀತದ ಹಾಳೆಯೊಂದರ ಮೇಲೆ ಅವನೇ ವಿನೋದವಾಗಿ ಗುರುತು ಮಾಡಿಟ್ಟಿದ್ದಾನೆ. ಈ ಎರಡು ನಷ್ಟಗಳ ನಡುವೆ ಒಂದು ಲಾಭವೂ ಆಯಿತು: ಜೂನ್ ೧೮ರಂದು ಸಾಲಿಯೆರಿಯ ಬಳಿ ರಚನಾಶಾಸ್ತ್ರದ ಪಾಠ ಮೊದಲಾಯಿತು. ಕಂಠ ಒಡೆದ ಹುಡುಗನನ್ನು ವಿದ್ಯಾರ್ಥಿನಿಲಯ ಹೊರಗೆ ಕಳುಹಿಸಲಿಲ್ಲ. ಓದು ಮುಂದುವರಿಸಲು ಅವಕಾಶ ಕೊಟ್ಟಿತು. ಅಲ್ಲಿಯವರೆಗೆ ಹಾಡುವವನಾಗಿದ್ದವನು ಇನ್ನು ಮುಂದೆ ಬರೆಯುವವನಾಗಬೇಕಾಗಿದ್ದಿತು.

ಆ ನವೆಂಬರ್ ೨೪ರಂದು ಅವನು ಅಣ್ಣನೊಬ್ಬನಿಗೆ ಬರೆದ ಕಾಗದ ಪ್ರಸಿದ್ಧವಾಗಿದೆ. ಆ ಅಣ್ಣ ಫರ್ಡಿನೆಂಡನೇ ಇರಬೇಕೆಂದು ಅನೇಕ ವಿದ್ವಾಂಸರ ಊಹೆ. ಮಧ್ಯಾಹ್ನದ ಸಾಧಾರಣ ಊಟಕ್ಕೂ ರಾತ್ರಿಯ ಬಡ ಊಟಕ್ಕೂ ನಡುವೆ ಎಂಟೂವರೆ ಗಂಟೆಗಳ ಅಂತರ. ಅಷ್ಟರೊಳಗೆ ಒಂದು ಬನ್ನೋ ಒಂದೆರಡು ಸೇಬೋ ಸಿಕ್ಕಿದರೆ ಎಷ್ಟು ಚೆನ್ನ. ಅಪ್ಪ ಕೊಡುವ ಪುಡಿಗಾಸು ಮೊದಲ ದಿನಗಳಲ್ಲೇ ಮುಗಿದುಹೋಗುತ್ತದೆ. ಆದ್ದರಿಂದ ತಿಂಗಳಿಗೆ ಕೆಲವು ಕ್ರಾಯ್ಟ್ಸರ್ ಕಳುಹಿಸಿಕೊಡಬಾರದೆ? ಇದು ಕಾಗದದ ಸಾರಾಂಶ. ಇಲ್ಲದವನಿಗೆ ಇದ್ದವನು ಕೊಡಬೇಕೆಂಬ ಅರ್ಥದ ಬೈಬಲ್ಲಿನ ಮಾತನ್ನೂ ಹುಡುಗ ಸಾಕ್ಷಿಗೆ ಕರೆಯುತ್ತಾನೆ. ಅಧ್ಯಾಯದ ಗುರುತನ್ನು ಮಾತ್ರ ತಪ್ಪಾಗಿ ಕೊಡುತ್ತಾನೆ. ವಾರಾನ್ನದಲ್ಲಿ ಓದಿ ಮುಂದೆ ಬಂದವರ ಕಥೆಗಳನ್ನು ಕೇಳಿ ಬೆಳೆದ ನಮಗೆ ಈ ಹಸಿವಿನ ದನಿ ಅಪರಿಚಿತವಲ್ಲ.

ಆ ಹಸಿವಿಗೆ ದೇಶದ ಚರಿತ್ರೆಯಲ್ಲೂ ಕಾರಣವಿದ್ದಿತು. ನೆಪೋಲಿಯನ್ನನೊಡನೆ ಮೇಲಿಂದ ಮೇಲೆ ಯುದ್ಧ ಹೂಡಿ ಆಸ್ಟ್ರಿಯದ ಬೊಕ್ಕಸ ಬರಿದಾಗಿದ್ದಿತು. ೧೮೦೯ರ ಮೇ ತಿಂಗಳಲ್ಲಿ ಫ್ರೆಂಚರು ವಿಯೆನ್ನವನ್ನೇ ಗುಂಡಿಕ್ಕಿ ಹಿಡಿದರು. ಆಗ ಒಂದು ಗುಂಡು ವಿದ್ಯಾರ್ಥಿನಿಲಯದ ಕಟ್ಟಡಕ್ಕೂ ಬಿದ್ದಿತು. ೧೮೧೧ರಲ್ಲಿ ಸರ್ಕಾರ ತನ್ನ ಕಾಗದದ ನೋಟಿನ ಬೆಲೆಯನ್ನು ಐದನೆಯ ಒಂದು ಪಾಲಿಗೆ ಇಳಿಸಿತು. ಸಂಬಳ, ಫೀಸುಗಳನ್ನೇ ನಂಬಿ ಬದುಕುವ ಉಪಾಧ್ಯಾಯರಂಥವರಿಗೆ ಇಂಥ ಕಾಲದ ಪೆಟ್ಟು ಎಷ್ಟೆಂದು ವಿವರಿಸಬೇಕಾಗಿಲ್ಲ. ಅಪ್ಪ ಕೊಟ್ಟ ಪುಡಿಗಾಸು ಬೇಗ ಕರಗುತ್ತಿದ್ದುದಕ್ಕೆ ಹುಡುಗನ ದುಂದುಗಾರಿಕೆಯೊಂದನ್ನೇ ಹೊಣೆ ಮಾಡುವಂತಿಲ್ಲ.

ಇಷ್ಟಾದರೂ, ಸೇಬಿಗಾಗಿ ಕಾಗದ ಬರೆದ ಆ ನವೆಂಬರಿನಲ್ಲೇ ಅವನು ಒಂದು ತಂತಿವಾದ್ಯ ಚತುಷ್ಕಕ್ಕೆ ಕೈಹಾಕಿದ್ದ. ಅದು ಮುಗಿದದ್ದು ಮರುವರ್ಷದ ಫೆಬ್ರವರಿಯಲ್ಲಿ. ಮಾರ್ಚಿಯಲ್ಲಿ ಇನ್ನೊಂದು ಹುಟ್ಟಿತು. ಇವು ಯಾರಿಗಾಗಿ ಎಂದು ಕೇಳಿದರೆ ಉತ್ತರ ಅವನ ಮನೆಯಲ್ಲಿದೆ. ಕ್ವಾರ್ಟೆಟ್ ಎಂದು ಕರೆಯುವ ಈ ಚತುಷ್ಕಕ್ಕೆ ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ತಗ್ಗು ದನಿಯ ವಿಯೋಲ, ಮೊಣಕಾಲುಗಳ ನಡುವೆ ಹಿಡಿದು ನುಡಿಸುವ ಚೆಲೋ, ಹೀಗೆ ನಾಲ್ಕು ವಾದ್ಯಗಳು ಬೇಕು. ರಜೆ ಬಂದಾಗ ಉಪಾಧ್ಯಾಯನ ಮನೆಯಲ್ಲಿ ಈ ನಾಲ್ಕೂ ಕೂಡುತ್ತಿದ್ದವು. ಫರ್ಡಿನೆಂಡನದು ಮೊದಲ ಪಿಟೀಲು, ಇಗ್ನಾಜನದು ಎರಡನೆಯದು, ಫ್ರಾಂಜನದು ವಿಯೋಲ, ತಂದೆಯದು ಚೆಲೋ.

ಎಲ್ಲರಿಗಿಂತ ಕಿರಿಯವನಾದ ಫ್ರಾಂಜನ ಕಿವಿಯೇ ಎಲ್ಲರಿಗಿಂತ ಸೂಕ್ಷ್ಮವಾಗಿದ್ದಿತೆಂದು ಫರ್ಡಿನೆಂಡ್ ನೆನೆದಿದ್ದಾನೆ. ಅಣ್ಣಂದಿರು ತಪ್ಪಿದರೆ ಅವನು ಮುಖ ನೋಡಿ ತಿದ್ದುತ್ತಿದ್ದ. ತಂದೆ ತಪ್ಪಿದರೆ ಮೊದಲ ಸಲ ಕೇಳಿಸದವನಂತೆ ಸುಮ್ಮನಿರುತ್ತಿದ್ದ. ಅದೇ ತಪ್ಪು ಎರಡನೆಯ ಸಲ ಬಂದರೆ, ಅಪ್ಪಾಜಿ, ಇಲ್ಲೇನೋ ಸ್ವಲ್ಪ ಹೆಚ್ಚುಕಡಿಮೆ ಆಗಿರುವಂತಿದೆ ಎಂಬರ್ಥದಲ್ಲಿ ನಗುತ್ತ ಸಂಕೋಚದಿಂದ ಹೇಳುತ್ತಿದ್ದ. ತಂದೆ ಬೇಸರಪಡದೆ ತಿದ್ದಿಕೊಳ್ಳುತ್ತಿದ್ದ. ಶಾಲೆಯಲ್ಲಿ ಮಕ್ಕಳ ತಪ್ಪನ್ನು ತಿದ್ದುವುದೇ ವೃತ್ತಿಯಾದವನು ಮನೆಯಲ್ಲಿ ಮಗನಿಂದ ತಿದ್ದಿಸಿಕೊಳ್ಳಲು ಒಪ್ಪಿದನಲ್ಲ, ಇದು ಆ ಮನೆಯ ಸಂಗೀತ ಕಲಿಸಿದ ಸೌಜನ್ಯ.

ಇದರಿಂದ ಆದ ಪ್ರಯೋಜನ ಸೌಜನ್ಯಕ್ಕಷ್ಟೇ ಮುಗಿಯಲಿಲ್ಲ. ಈ ಮೊದಲ ಚತುಷ್ಕಗಳಲ್ಲಿ ಚೆಲೋವಿನ ಪಾಲು ಬಹುಮಟ್ಟಿಗೆ ಸರಳ, ತಂದೆಯ ಕೈಗೆ ಎಟುಕುವಂಥದು. ಯಾರ ಬೆರಳು ಎಲ್ಲಿ ತಡವರಿಸುತ್ತದೆ, ಯಾರ ಕಮಾನು ಎಲ್ಲಿ ಹಗುರಾಗಿ ಹರಿಯುತ್ತದೆ ಎಂಬುದನ್ನು ಬಲ್ಲವನು ಬರೆದ ಸಂಗೀತವದು. ಬರೆದದ್ದನ್ನು ಕೂಡಲೆ ಕೇಳುವ ಭಾಗ್ಯವೂ ಅವನಿಗಿದ್ದಿತು. ಮಧ್ಯದ ದನಿಯಾದ ವಿಯೋಲವನ್ನು ತಾನೇ ಹಿಡಿದಿದ್ದರಿಂದ, ಮೇಲಿನ ರಾಗವೂ ಕೆಳಗಿನ ಆಧಾರವೂ ಹೇಗೆ ಕೂಡುತ್ತವೆಂಬುದನ್ನು ನಡುವೆ ಕುಳಿತು ಆಲಿಸಿದ. ಅನೇಕ ರಚನಕಾರರಿಗೆ ವರ್ಷಗಳ ಕಾಲ ಕಾದರೂ ದೊರಕದ ಪ್ರಯೋಗಶಾಲೆ ಈ ಹುಡುಗನಿಗೆ ಮನೆಯಲ್ಲೇ ದೊರಕಿತು.

ಗೆಳೆಯರ ಪಾಲೂ ಕಡಿಮೆಯದಲ್ಲ. ಉದ್ಯೋಗದಲ್ಲಿ ನೆಲೆನಿಂತು ವಿಯೆನ್ನಕ್ಕೆ ಮರಳಿದ್ದ ಸ್ಪೌನ್ ಅವನನ್ನು ಸಂಗೀತನಾಟಕಗಳಿಗೆ ಕರೆದೊಯ್ಯುತ್ತಿದ್ದ. ಈ ಕಾಲದಲ್ಲಿ ನೋಡಿದ ಗ್ಲುಕ್ಕನ ‘ಇಫಿಗೇನಿಯ’ ಹುಡುಗನನ್ನು ಮರುಳು ಮಾಡಿತು. ಅದರಲ್ಲಿ ಒರೆಸ್ಟಿಸನ ಪಾತ್ರ ವಹಿಸಿದ ಯೋಹಾನ್ ಮೈಕೇಲ್ ಫೋಗ್ಲ್ ಎಂಬ ಹಿರಿಯ ಗಾಯಕನೇ, ೧೮೧೭ರಿಂದ ಮುಂದಕ್ಕೆ ಷೂಬರ್ಟನ ಹಾಡುಗಳನ್ನು ಮನೆಮನೆಯ ಗೋಷ್ಠಿಗಳಲ್ಲಿ ಹಾಡಿ ಹೆಸರಿಗೆ ತಂದವನು.

ಇಷ್ಟೆಲ್ಲ ನಡೆಯುತ್ತಿರುವಾಗ ಗಣಿತ ಹಿಂದೆ ಬಿದ್ದಿತು. ೧೮೧೩ರ ಶರತ್ಕಾಲದಲ್ಲಿ ವಿದ್ಯಾರ್ಥಿವೇತನದ ಪ್ರಶ್ನೆ ಬಂದಾಗ, ಕೆಳದರ್ಜೆಯ ಅಂಕಗಳನ್ನು ಉತ್ತಮಪಡಿಸಿಕೊಳ್ಳಬೇಕೆಂದು ಷರತ್ತು ಹಾಕಿದರು. ಹಾಡೂ ಸಂಗೀತವೂ ಗೌಣ, ಓದು ಮತ್ತು ನಡತೆಗಳೇ ಮುಖ್ಯ ಎಂಬರ್ಥದ ಮಾತು ಚಕ್ರವರ್ತಿಯ ಆಜ್ಞೆಯಲ್ಲೇ ಬಂದಿತು. ಅದೇ ಅಕ್ಟೋಬರ್ ೨೮ರಂದು ಷೂಬರ್ಟ್ ತನ್ನ ಮೊದಲ ಸಿಂಫನಿಯನ್ನು ಮುಗಿಸಿದ. ಷರತ್ತಿಗೆ ಒಪ್ಪದೆ ವಿದ್ಯಾರ್ಥಿನಿಲಯವನ್ನು ಬಿಟ್ಟು, ಉಪಾಧ್ಯಾಯರ ತರಬೇತಿಗೆ ಸೇರಿ, ೧೮೧೪ರಲ್ಲಿ ತಂದೆಯ ಶಾಲೆಯಲ್ಲೇ ಸಹಾಯಕನಾದ.

ಇಲ್ಲಿ ತಂದೆಯನ್ನು ಕಠಿಣನೆಂದು ಜರೆಯುವುದು ಸುಲಭ. ಒಂಬತ್ತು ಮಕ್ಕಳನ್ನು ಮಣ್ಣುಗೂಡಿಸಿ, ನೋಟಿನ ಬೆಲೆ ಬಿದ್ದ ಕಾಲದಲ್ಲಿ ಸಂಸಾರ ತೂಗಿಸಿದ ಮನುಷ್ಯನಿಗೆ ಮಗನೊಂದು ನೆಮ್ಮದಿಯ ಕೆಲಸ ಹಿಡಿಯಲೆಂಬ ಆಸೆ ಇದ್ದುದರಲ್ಲಿ ತಪ್ಪೇನಿದೆ? ಸಂಗೀತ ಅವನ ಮನೆಯ ಶತ್ರುವಾಗಿರಲಿಲ್ಲ; ಬಿಡುವಿನ ವೇಳೆಯ ಸಂತೋಷವಾಗಿದ್ದಿತು. ಆ ಸಂತೋಷವೇ ಮಗನ ಪಾಲಿಗೆ ಬದುಕೆಲ್ಲವೂ ಆಗಿ ಬೆಳೆಯಿತು. ಮುಂದೆ ತಂದೆಮಕ್ಕಳ ನಡುವೆ ಬಂದ ತೊಡಕಿನ ಮೂಲ ಇದು. ಮಗ ಹೆಚ್ಚು ವರ್ಷ ಶಾಲೆಯ ಕೆಲಸದಲ್ಲಿ ನಿಲ್ಲಲಿಲ್ಲ.

ಮನೆಯ ಚತುಷ್ಕ ಮಾತ್ರ ಬೆಳೆಯುತ್ತ ಹೋಯಿತು. ನೆರೆಹೊರೆಯ ಹವ್ಯಾಸಿಗಳು ಬಂದು ಸೇರಿದರು. ಉಪಾಧ್ಯಾಯನ ಮನೆ ಸಾಲದೆ ಗೋಷ್ಠಿ ವರ್ತಕನೊಬ್ಬನ ಮನೆಗೂ, ಅಲ್ಲಿಂದ ಓಟೋ ಹಾಟ್ವಿಗ್ ಎಂಬ ಪಿಟೀಲು ವಾದಕನ ಮನೆಗೂ ಹೋಯಿತು. ಷೂಬರ್ಟನ ಐದನೆಯ ಸಿಂಫನಿಯನ್ನು ೧೮೧೬ರಲ್ಲಿ ಮೊದಲು ನುಡಿಸಿದ್ದು ಈ ಹವ್ಯಾಸಿಗಳ ವೃಂದವೇ. ಟಿಕೆಟ್ಟಿಲ್ಲದ, ವರದಿಗಾರರಿಲ್ಲದ ಸಭೆ ಅದು.

೧೮೨೮ರ ನವೆಂಬರ್ ೧೯ರಂದು ಷೂಬರ್ಟ್ ಕಣ್ಣು ಮುಚ್ಚಿದ್ದು ಫರ್ಡಿನೆಂಡನ ಮನೆಯಲ್ಲಿ. ತಮ್ಮ ಬಿಟ್ಟುಹೋದ ಹಸ್ತಪ್ರತಿಗಳ ರಾಶಿಯನ್ನು ಅಣ್ಣ ಜೋಪಾನ ಮಾಡಿಟ್ಟ. ಹತ್ತು ವರ್ಷಗಳ ಮೇಲೆ, ಇನ್ನೊಂದು ಚಳಿಗಾಲದಲ್ಲಿ, ರಾಬರ್ಟ್ ಷೂಮನ್ ವಿಯೆನ್ನಕ್ಕೆ ಬಂದವನು ಆ ರಾಶಿಯನ್ನು ಕಂಡು ಬೆರಗಾದ. ಅದರಲ್ಲಿದ್ದ ಸಿ ಮೇಜರ್ ಮಹಾಸಿಂಫನಿಯನ್ನು ೧೮೩೯ರ ಮಾರ್ಚ್ ೨೧ರಂದು ಮೆಂಡೆಲ್ಸನ್ ಲೈಪ್ಜಿಗ್ಗಿನಲ್ಲಿ ನುಡಿಸಿದಾಗ ಯೂರೋಪು ಷೂಬರ್ಟನ ಎತ್ತರವನ್ನು ಅರಿಯತೊಡಗಿತು. ತಿಂಗಳಿಗೆ ಕೆಲವು ಕ್ರಾಯ್ಟ್ಸರ್ ಬೇಡಿದ ತಮ್ಮನಿಗೆ ಅಣ್ಣ ಅಂದು ಎಷ್ಟು ಕಳುಹಿಸಿದನೋ ಚರಿತ್ರೆ ಬರೆದಿಟ್ಟಿಲ್ಲ. ಮೊದಲ ಪಿಟೀಲು ಹಿಡಿದು ತಮ್ಮನ ಎದುರು ಕುಳಿತಿದ್ದ ಆ ಅಣ್ಣ ಕಾಗದಗಳನ್ನು ಕಾಯ್ದುಕೊಟ್ಟದ್ದಂತೂ ಲೋಕಕ್ಕೇ ಗೊತ್ತಿದೆ.